ಮೂವತ್ತೊಂದನೆಯ ಬಾಯಿ

ಒಂದೇ ಬಾಯಿಯನ್ನು ಎರಡು ಜಿಲ್ಲೆ ಮಾಡಿ
ನಡುವೆ ಗಡಿ ಎಳೆದಿದ್ದೆವು.
ಎಡದ ಒಸಡಿಗೆ ಒಂದು ಸೀಸೆ, ಬಲಕ್ಕೊಂದು.
ಯಾವುದರಲ್ಲಿ ಮದ್ದು, ಯಾವುದರಲ್ಲಿ ಬರೀ ಉಪ್ಪುನೀರು
ಅವಳಿಗೂ ಗೊತ್ತಿಲ್ಲ, ಹಾಕುವ ನನಗೂ ಗೊತ್ತಿಲ್ಲ.
ಗೊತ್ತಿದ್ದದ್ದು ಗೈಡ್ ಸರ್ ಕಪಾಟಿನೊಳಗೆ
ಅಂಟು ಹಚ್ಚಿ ಮಲಗಿದ ಲಕೋಟೆಗೆ ಮಾತ್ರ.

ಜಗದೇವಿ. ವಯಸ್ಸು ಐವತ್ತೆರಡು, "ಇರಬೇಕ್ರಿ."
ಶಹಾಬಜಾರ ನಾಕಾ ಹತ್ತಿರ ರೊಟ್ಟಿ ಕೇಂದ್ರ.
ಸಕ್ಕರೆ ಕಾಯಿಲೆ, ಆರು ವರ್ಷ.
ಮಿಶ್ರಿ ತಿಕ್ಕುವುದು: ಹೌದು, ಎರಡು ಹೊತ್ತು.
ಬಿಡಲು ಯತ್ನಿಸಿದ್ದು: ಪ್ರತಿ ಸೋಮವಾರ.
ಫಾರಮ್ಮಿನಲ್ಲಿ ಸೋಮವಾರಕ್ಕೆ ಕಾಲಂ ಇರಲಿಲ್ಲ.

ಒಪ್ಪಿಗೆ ಪತ್ರ ಓದಿ ಹೇಳಿದೆ, ನಾಲ್ಕು ಪುಟ.
ಯಾವಾಗ ಬೇಕಾದರೂ ಬಿಟ್ಟುಹೋಗುವ ಹಕ್ಕು ನಿಮಗಿದೆ,
ಕಾರಣ ಹೇಳಬೇಕಾಗಿಲ್ಲ, ಅಂದೆ.
ಅದೊಂದು ಸಾಲನ್ನು ಮತ್ತೊಮ್ಮೆ ಓದಿಸಿದಳು.
"ಇಂಥಾ ಕಾಗದ ನನ್ನ ಮದಿವ್ಯಾಗ
ಯಾರೂ ಓದಲಿಲ್ಲ ನೋಡ್ರಿ."
ಹೆಬ್ಬೆಟ್ಟು ಒತ್ತಿದಳು.
ಹಂಚು ಮುಟ್ಟಿ ಮುಟ್ಟಿ ನುಣ್ಣಗಾದ ಬೆರಳು,
ಗೆರೆಯೇ ಮೂಡಲಿಲ್ಲ,
ಕಾಗದದ ಮೇಲೆ ಒಂದು ನೀಲಿ ಹುಣ್ಣಿಮೆ.

ಮಿಲಿಮೀಟರ್ ಗೀರಿದ ಸಣ್ಣ ಕಡ್ಡಿ ಇಳಿಸಿ
ಹಲ್ಲಿಗೆ ಆರು ಕಡೆ ಆಳ ಅಳೆಯುತ್ತ
ಕೂಗುತ್ತಿದ್ದೆ: ಐದು, ಏಳು, ಆರು, ಮತ್ತೆ ಏಳು.
ಬರೆದುಕೊಳ್ಳುವ ಹುಡುಗಿಯ ಪೆನ್ನು ನಿಂತಾಗ
ಜಗದೇವಿ ಬಾಯಿ ಒರೆಸಿಕೊಂಡು
"ಗಂಜಿನಾಗ ತೊಗರಿ ಹರಾಜ ಹಿಂಗೇ ಕೂಗ್ತಾರ.
ನಂದು ಎಷ್ಟಕ್ಕ ಹೋಯ್ತ್ರಿ?"

ಹೊರಡುವಾಗ, ಚಪ್ಪಲಿ ಮೆಟ್ಟುತ್ತ, ಕೇಳಿದಳು:
"ಎಡಕ್ಕ ಬ್ಯಾರೆ, ಬಲಕ್ಕ ಬ್ಯಾರೆ ಅಂತೀರಿ.
ನಾಲಿಗಿಗಿ ಹೇಳೀರೇನು?
ಅದು ಎರಡೂ ಮನಿಗಿ ಹೋಗಿ ಬರೂದದ."
ನನ್ನ ಪ್ರಬಂಧದಲ್ಲಿ ಮಿತಿಗಳು ಅನ್ನುವ ಅಧ್ಯಾಯಕ್ಕೆ
ಮೊದಲ ವಾಕ್ಯ ಅದೇ.
ಅವಳ ಹೆಸರಿಲ್ಲ ಅಲ್ಲಿ. ನಿಯಮ.

ಮೂರನೆಯ ತಿಂಗಳ ತಪಾಸಣೆಗೆ ಬರಲಿಲ್ಲ.
ಫೋನು ಅವಳ ಅಕ್ಕನ ಮಗನ ಜೇಬಿನಲ್ಲಿ ರಿಂಗಾಗಿ
ರಿಂಗಾಗಿ ಸುಮ್ಮನಾಯಿತು.
ಏಪ್ರಿಲ್ ಮಧ್ಯಾಹ್ನ, ನಲವತ್ಮೂರು ಡಿಗ್ರಿ,
ಬಸ್ಸಿನ ಸರಳು ಮುಟ್ಟುವ ಹಾಗಿರಲಿಲ್ಲ.
ತಗಡಿನ ಶೆಡ್ಡು. ಒಳಗೆ ಮೂರು ಒಲೆ, ನಾಲ್ಕು ಹೆಂಗಸರು,
ಗೋಣಿಯ ಮೇಲೆ ಎದೆಯೆತ್ತರ ಖಡಕ್ ರೊಟ್ಟಿ.
ಪ್ರತಿ ಕಟ್ಟಿಗೂ ಒಂದು ಅಂಚು ಮುರಿದು
ಎಡ ದವಡೆಗೆ ಕೊಟ್ಟು
ಕಣ್ಣುಮುಚ್ಚಿ ಸಪ್ಪಳ ಕೇಳುತ್ತಿದ್ದಳು.
ಸಪ್ಪಳ ಸರಿಯಿದ್ದರೆ ದಾರ. ಇಲ್ಲದಿದ್ದರೆ ಮತ್ತೆ ಒಲೆ.

ನನ್ನನ್ನು ಕಂಡು ಸೆರಗು ಬಾಯಿಗೆ ಒಯ್ದಳು.
"ಬಲಗಡಿದೊಂದು ಕಳಚಿ ಕೈಗಿ ಬಂತ್ರಿ, ಅಮಾಸಿ ದಿನ.
ನಿಮ್ಮ ಪಟ್ಟ್ಯಾಗ ಒಂದು ಕಮ್ಮಿ ಆಯ್ತಲ್ಲ,
ಹ್ಯಾಂಗ ಮಾರಿ ತೋರ್ಸಲಿ?"
ಕುಂಕುಮದ ಭರಣಿಯಿಂದ ತೆಗೆದು ಕೊಟ್ಟಳು,
ಬೇರಿನ ತುದಿಗೆ ಕೆಂಪು ಹತ್ತಿತ್ತು,
ರಕ್ತವಲ್ಲ.
"ಲೆಕ್ಕದ ಹಲ್ಲು. ಒಗಿಯಾಕ ಮನಸ್ಸಾಗಲಿಲ್ಲ."

ದೀಪಾವಳಿಯಾದ ಮೇಲೆ ಲಕೋಟೆ ಒಡೆದೆವು.
ಮದ್ದು ಗೆದ್ದಿತ್ತು, ಮೂವತ್ತೊಂಬತ್ತು ಬಾಯಿಗಳ ಸರಾಸರಿಯಲ್ಲಿ.
ಮೂವತ್ತೊಂದರ ಸಾಲಿನಲ್ಲಿ ನಾನೇ ಬರೆದಿದ್ದೆ:
ಬಿಟ್ಟುಹೋದವರು. ಕಾರಣ ಹೇಳಿಲ್ಲ.
ಅವಳ ಬಲಕ್ಕೆ ಹಾಕಿದ್ದು ಮದ್ದು.
ಎಡಕ್ಕೆ ಉಪ್ಪುನೀರು.

ಹೇಳದೆ ಇರಬಹುದಿತ್ತು. ಹೋಗಿ ಹೇಳಿದೆ.
ಹಿಟ್ಟಿನ ಕೈ ಪರಾತದ ಅಂಚಿಗೆ ಒರೆಸಿ
ಸ್ವಲ್ಪ ಹೊತ್ತು ಯೋಚಿಸಿದಳು.
"ಹಂಗಾದ್ರ ಆ ಉಪ್ಪುನೀರೇ
ಇನ್ನೊಂದು ಸೀಸಾ ಕೊಡ್ರಿ."

ಒಂದು ಬಾಯಿ ಪುರಾವೆಯಲ್ಲ ಅಂತ
ಹೇಗೆ ಹೇಳಲಿ,
ಇರುವುದೇ ಒಂದು ಬಾಯಿ ಅನ್ನುವವಳಿಗೆ?
ಹಲ್ಲು ಇನ್ನೂ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು,
ಹಿಂದಿರುಗಿಸಬೇಕೋ, ಇಟ್ಟುಕೊಳ್ಳಬೇಕೋ,
ಅದಕ್ಕೆ ನಾಲ್ಕು ಪುಟಗಳಲ್ಲಿ ಸಾಲು ಇರಲಿಲ್ಲ.
ಅವಳು ಹಂಚಿನ ಮೇಲಿನದನ್ನು ಮಗುಚಿದಳು.
ಎಂಟಕ್ಕೆ ಹೋಟೆಲಿನವರು ಬರುವವರಿದ್ದರು,
ಇನ್ನೂ ಇನ್ನೂರು ಬಾಕಿ.